ಸನ್ನಿಯ ಮಾತು ಬೀದಿಗೆ ಬಂದಾಗ

ದರ್ಜಿ ಹೇಳುವ ತಾರೀಖನ್ನು ನಂಬುವವರು ಯಾರಿದ್ದಾರೆ ಹೇಳಿ? ಸೋಮವಾರ ಕೊಡುತ್ತೇನೆ ಎಂದರೆ ಅದು ಗುರುವಾರ. ಗುರುವಾರ ಹೋದರೆ, "ಗುಂಡಿ ಒಂದು ಬಾಕಿ ಇದೆ, ನಾಳೆ ಬನ್ನಿ." ಇದು ಎಲ್ಲರೂ ಕಂಡುಂಡ ಸಂಗತಿ, ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದೂ ಇಲ್ಲ. ಆದರೆ ಈ ಕಥೆಯ ದರ್ಜಿ ಹಾಗಲ್ಲ. ನಲವತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಗೂ 'ನಾಳೆ ಬನ್ನಿ' ಎಂದವರಲ್ಲ. ಬೀದಿಯವರು ಅವರಿಗೆ 'ತಾರೀಖಿನ ಯಜಮಾನರು' ಎಂದೇ ಹೆಸರಿಟ್ಟಿದ್ದರು. ಯಜಮಾನರು ಒಂದು ಮಾತು ಹೇಳಿದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ಮುಂದೆ ನಡೆದದ್ದಕ್ಕೆಲ್ಲ ಈ ಒಳ್ಳೆಯ ಹೆಸರೇ ಕಾರಣವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಯಜಮಾನರ ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಮಗ, ಸೊಸೆ. ಮಗ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಸೊಸೆ ಮಾವನ ಅಂಗಡಿಯಲ್ಲೇ ಎರಡನೇ ಮಷೀನಿನ ಮೇಲೆ ಕೂರುತ್ತಿದ್ದಳು. ಮೊದಲು ಗುಂಡಿ ತೂರಿಸುವ ಕಾಜಾ ಹೊಲಿಯುವುದನ್ನು ಕಲಿಸಿದ್ದು ಮಾವ, ಆಮೇಲೆ ಕಾಲರ್ ಕೂರಿಸುವುದನ್ನು ಕಲಿಸಿದ್ದೂ ಮಾವ. ಪಕ್ಕದ ಓಣಿಯಲ್ಲಿ ಯಜಮಾನರ ಅಕ್ಕ ಇದ್ದರು. ಮಗ ಸೊಸೆ ಇಬ್ಬರಿಗೂ ಅವರು 'ದೊಡ್ಡತ್ತೆ'. ಮನಸ್ಸು ಬೆಣ್ಣೆ, ಬಾಯಿ ಮಾತ್ರ ತೂತು ಬಿದ್ದ ಕೊಡ.

ಮಾವ ಸೊಸೆಯ ನಡುವೆ ಒಂದು ಗುಟ್ಟಿತ್ತು. ಹೆಂಡತಿ ಹೋದ ಮೇಲೆ ಯಜಮಾನರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ಒಬ್ಬ ಡಾಕ್ಟರು ಒಂದು ತಿಂಗಳಿಗೆಂದು ಬರೆದುಕೊಟ್ಟ ನಿದ್ದೆಯ ಮಾತ್ರೆ ಆರು ವರ್ಷವಾದರೂ ನಿಂತಿರಲಿಲ್ಲ. ಹಳೇ ಚೀಟಿ ತೋರಿಸಿ ತರುತ್ತಿದ್ದವಳು ಸೊಸೆ. "ನಿನ್ನ ಗಂಡನಿಗೂ ಹೇಳ್ಬೇಡ ಕಣಮ್ಮ. ಮಾತ್ರೆ ನುಂಗಿ ಮಲಗೋ ಗಂಡಸು ಅಂತ ನಗ್ತಾರೆ" ಎಂದು ಅವರು ಕೇಳಿಕೊಂಡಿದ್ದರು. ಅವಳು ಆಯಿತು ಎಂದಿದ್ದಳು.

ಹೀಗಿರುವಾಗ ಯಜಮಾನರಿಗೆ ಕೆಮ್ಮು ಶುರುವಾಯಿತು. ಕೆಮ್ಮು ಜ್ವರವಾಯಿತು, ಜ್ವರ ಏದುಸಿರಾಯಿತು. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದು ಹೇಳಿ ನೇರ ಐಸಿಯುಗೆ ಸೇರಿಸಿಕೊಂಡರು. ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕು, ಕೈಗೆ ಡ್ರಿಪ್ಪು, ಎದೆಗೆ ನಾಲ್ಕು ವೈರು.

ಡಾಕ್ಟರು ಕೇಳಿದರು. "ದಿನಾ ಏನಾದ್ರೂ ಮಾತ್ರೆ ತಗೋತಾರಾ? ಕುಡಿಯೋ ಅಭ್ಯಾಸ?"

"ನಮ್ಮಪ್ಪಾನಾ? ತಲೆನೋವಿಗೂ ಮಾತ್ರೆ ಮುಟ್ಟಲ್ಲ ಸಾರ್" ಎಂದ ಮಗ ಹೆಮ್ಮೆಯಿಂದ.

ಪಕ್ಕದಲ್ಲಿದ್ದ ಸೊಸೆ ನೆಲ ನೋಡಿದಳು. ಈಗ ಬೇಡ, ಗಂಡ ಆಚೆ ಹೋದಾಗ ಹೇಳೋಣ ಎಂದುಕೊಂಡಳು. ಗಂಡ ಆಚೆ ಹೋದಾಗ ಡಾಕ್ಟರೂ ಹೋಗಿದ್ದರು. ಒಂದು ನಿದ್ದೆಯ ಮಾತ್ರೆ ತಾನೆ, ಅದರಿಂದೇನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದಳು.

ದೊಡ್ಡತ್ತೆ ಅಷ್ಟರಲ್ಲಿ ತಮ್ಮನ ಕನ್ನಡಕ, ಕಿವಿಯ ಮಷೀನು ಎರಡನ್ನೂ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿ ಚೀಲಕ್ಕೆ ಹಾಕಿಕೊಂಡಿದ್ದರು. "ಇಲ್ಲಿ ಬಿಟ್ರೆ ಕಳೆದುಹೋಗುತ್ತೆ. ಮಲಗಿರೋನಿಗೆ ಕನ್ನಡಕ ಯಾಕೆ?" ಎಂಬುದು ಅವರ ವಾದ. ಕನ್ನಡಕವಿಲ್ಲದೆ ಯಜಮಾನರಿಗೆ ಎರಡಡಿ ಆಚೆಯ ಮುಖವೂ ಮಸುಕು, ಮಷೀನಿಲ್ಲದೆ ಕಿವಿ ಪೂರ್ತಿ ಮಂದ. ಆ ಕೋಣೆಗೆ ಕಿಟಕಿಯಿಲ್ಲ. ಹಗಲೂ ಇರುಳೂ ಒಂದೇ ಬಿಳಿ ಬೆಳಕು. ಗಡಿಯಾರವೊಂದಿತ್ತು, ಅದೂ ಅವರ ತಲೆಯ ಹಿಂದಿನ ಗೋಡೆಯಲ್ಲಿ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಬಿಟ್ಟಾಗ ಸೊಸೆ ಒಂದು ಸಂಗತಿ ಕಂಡಳು. ಮಾವನ ಕಣ್ಣು ಅರ್ಧ ಮುಚ್ಚಿತ್ತು, ಬೆರಳುಗಳು ಮಾತ್ರ ಆಡುತ್ತಿದ್ದವು. ಹಾಸಿಗೆಯ ಬಟ್ಟೆಯ ಅಂಚನ್ನು ಚಿವುಟಿ ಹಿಡಿದು, ಮಡಿಸಿ, ಇಲ್ಲದ ಸೂಜಿಯಿಂದ ಇಲ್ಲದ ದಾರವನ್ನು ಎಳೆದು ಮತ್ತೆ ಚಿವುಟುತ್ತಿದ್ದವು. ಅವಳಿಗೆ ಖುಷಿಯಿಂದ ಕಣ್ಣಲ್ಲಿ ನೀರೇ ಬಂತು.

"ನೋಡ್ರೀ, ಮಾವ ಅಂಚು ಹೊಲೀತಿದ್ದಾರೆ!"

"ಕೈಗೆ ಕೆಲಸ ನೆನಪಾಯ್ತು ಅಂದ್ರೆ ಇನ್ನು ಹೆದರಿಕೆ ಇಲ್ಲ ಬಿಡು" ಎಂದರು ದೊಡ್ಡತ್ತೆ.

ಮೂವರೂ ನಕ್ಕರು, ನರ್ಸಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದರ್ಜಿಯ ಮನೆಯವರಲ್ಲದೆ ಬೇರೆ ಯಾರಾದರೂ ಆಗಿದ್ದರೆ ಇದೇನಪ್ಪಾ ಹೀಗೆ ಬಟ್ಟೆ ಕೀಳುತ್ತಿದ್ದಾರೆ ಎಂದು ಗಾಬರಿಯಾಗಿ ಕೇಳಿರುತ್ತಿದ್ದರು. ಸಂಜೆ ಹೋದಾಗ ಬೆರಳುಗಳೂ ನಿಂತಿದ್ದವು. ಕರೆದರೆ ತಿರುಗಲಿಲ್ಲ. ಸುಸ್ತಾಗಿ ಮಲಗಿದ್ದಾರೆ, ಪಾಪ, ಎಬ್ಬಿಸುವುದು ಬೇಡ ಎಂದು ಮೂವರೂ ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದರು.

ನಾಲ್ಕನೆಯ ದಿನ ಸಿಡಿಲು ಬಡಿಯಿತು.

ಮಗ ಹಾಸಿಗೆಯ ಹತ್ತಿರ ಹೋಗಿದ್ದೇ ತಡ, ಯಜಮಾನರು ಅವನ ಮಣಿಕಟ್ಟು ಹಿಡಿದು ಎಳೆದುಕೊಂಡರು. ಮಾಸ್ಕನ್ನು ಅರ್ಧ ಸರಿಸಿ ಪಿಸುಗುಟ್ಟಿದರು. ಕಿವಿ ಕೇಳದವರ ಪಿಸುಮಾತು, ಇಡೀ ಕೋಣೆಗೆ ಕೇಳುವಷ್ಟು ದೊಡ್ಡದಾಗಿತ್ತು.

"ಇವಳನ್ನ ಒಳಗೆ ಬಿಡ್ಬೇಡ."

"ಯಾರನ್ನ ಅಪ್ಪಾ?"

"ಇವಳನ್ನ! ನಿನ್ನ ಹೆಂಡ್ತೀನ. ಆರು ವರ್ಷದಿಂದ ನನಗೆ ವಿಷ ಹಾಕ್ತಿದ್ದಾಳೆ. ದಿನಕ್ಕೊಂದು ಬಿಳೀ ಮಾತ್ರೆ. ಈಗ ಈ ಹಸಿರು ಬಟ್ಟೆಯವರನ್ನೂ ಸೇರಿಸ್ಕೊಂಡಿದ್ದಾಳೆ. ಗೋಡೆ ಹಿಂದೆ ಟೇಪು ಹಿಡ್ಕೊಂಡು ನಿಂತಿದ್ದಾಳೆ, ನನ್ನ ಅಳತೆ ತಗೋತಿದ್ದಾಳೆ."

"ಅಳತೆ ಯಾಕಪ್ಪಾ?"

"ಹೆಣದ ಬಟ್ಟೆಗೆ! ಕರ್ಕೊಂಡು ಹೋಗು ನನ್ನ. ಈಗ್ಲೇ."

ಸೊಸೆ ಹಾಸಿಗೆಯ ಕಾಲ ಬಳಿ ನಿಂತಿದ್ದಳು. ತಂದೆಯಂತೆ ಎದುರು ಕೂರಿಸಿಕೊಂಡು ಕೆಲಸ ಕಲಿಸಿದ ಮನುಷ್ಯ ಅವಳ ಕಡೆ ನೋಡುತ್ತಿದ್ದ ನೋಟದಲ್ಲಿ ಬರೀ ಭಯವಿತ್ತು. ಎಲ್ಲಾ ಸುಳ್ಳು ಎಂದು ಕೂಗಬೇಕೆನಿಸಿತು, ಬಾಯಿ ಬರಲಿಲ್ಲ. ಯಾಕೆಂದರೆ ಎಲ್ಲಾ ಸುಳ್ಳಲ್ಲ. ಬಿಳಿ ಮಾತ್ರೆ ನಿಜ, ಆರು ವರ್ಷವೂ ನಿಜ.

ಹೊರಗಿನ ಪಡಸಾಲೆಯಲ್ಲಿ ದೊಡ್ಡತ್ತೆ ಎದೆ ಎದೆ ಬಡಿದುಕೊಂಡರು. "ಹುಟ್ಟಿದಾಗಿಂದ ಒಂದು ಸುಳ್ಳು ಆಡದವನು, ಇಂಥಾ ಹೊತ್ತಲ್ಲಿ ಸುಳ್ಳು ಹೇಳ್ತಾನೇನೋ? ಅವನ ಕಣ್ಣು ನೋಡಿದೆಯಾ?"

ಗಂಡ ಹೆಂಡತಿಯ ಮುಖ ನೋಡಿದ. "ಅದೇನು ಮಾತ್ರೆ?"

ಅವಳು ಸುಮ್ಮನಿದ್ದಳು. ಆ ಮೌನವೇ ಅವಳಿಗೆ ಮುಳುವಾಯಿತು. ದೊಡ್ಡತ್ತೆ ಫೋನು ಹಿಡಿದು ಮೆಟ್ಟಿಲ ಕಡೆ ಹೋದರು. ಗಂಡ ಸೀದಾ ನರ್ಸುಗಳ ಮೇಜಿಗೆ ಹೋಗಿ, "ನಮ್ಮಪ್ಪನನ್ನ ಮನೆಗೆ ಕರ್ಕೊಂಡು ಹೋಗ್ತೀವಿ. ಎಲ್ಲಿ ಸಹಿ ಹಾಕ್ಬೇಕೋ ಕೊಡಿ" ಎಂದ.

ಮೇಜಿನ ಹಿಂದೆ ದೊಡ್ಡ ಸಿಸ್ಟರ್ ಕೂತಿದ್ದರು. ಕೊರಳಿಗೆ ದಾರದಲ್ಲಿ ಕನ್ನಡಕ, ಧ್ವನಿ ಶಾಲೆಯ ಮೇಡಂ ಹಾಗೆ. ಅವರು ಕಾಗದ ಕೊಡಲಿಲ್ಲ, ಬೈಯಲೂ ಇಲ್ಲ.

"ಸಹಿ ಆಮೇಲೆ ಹಾಕೋರಂತೆ. ಏನಾಯ್ತು ಹೇಳಿ."

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಟೇಪು, ಹೆಣದ ಬಟ್ಟೆ, ವಿಷ, ಬಿಳಿ ಮಾತ್ರೆ. ಕೊನೆಯ ಮಾತಿಗೆ ಸಿಸ್ಟರ್ ತಟ್ಟನೆ ತಲೆಯೆತ್ತಿದರು.

"ಯಾವ ಮಾತ್ರೆ? ಕೇಸ್ ಶೀಟಲ್ಲಿ ಮಾತ್ರೆ ಏನೂ ಇಲ್ಲ ಅಂತ ಬರೆದಿದೆಯಲ್ಲ?"

ಗಂಡ ಹೆಂಡತಿಯ ಕಡೆ ತಿರುಗಿದ. ಹೇಳಿದರೆ ತಪ್ಪೊಪ್ಪಿಕೊಂಡ ಹಾಗೆ ಆಗುತ್ತದೆ, ಗಂಡನೇ ನಂಬುವುದಿಲ್ಲ. ಹೇಳದಿದ್ದರೆ? ಒಳಗೆ ಆ ಜೀವ ನಡುಗುತ್ತಿತ್ತು. ಸೊಸೆ ಸೆರಗು ಹಿಂಡುತ್ತಾ ಹೇಳಿಬಿಟ್ಟಳು.

"ನಾನೇ ತಂದುಕೊಡ್ತಿದ್ದೆ. ನಿದ್ದೆ ಮಾತ್ರೆ. ಮಾವನೇ ಕೇಳ್ತಿದ್ರು. ಯಾರಿಗೂ ಹೇಳ್ಬೇಡ ಅಂದಿದ್ರು."

ಗಂಡನ ಮುಖ ಬಿಳಿಚಿಕೊಂಡಿತು. ಸಿಸ್ಟರ್ ಮಾತ್ರ ಪೆನ್ನು ತೆಗೆದರು. "ಹೆಸರು ಗೊತ್ತಾ? ದಿನಕ್ಕೆ ಎಷ್ಟು? ಕೊನೇದು ಯಾವಾಗ?"

ಅವಳ ಪರ್ಸಿನಲ್ಲೇ ಮಾತ್ರೆಯ ಖಾಲಿ ಪಟ್ಟಿಯಿತ್ತು, ಅದನ್ನು ತೆಗೆದುಕೊಟ್ಟಳು. "ಸೇರಿಸೋ ಹಿಂದಿನ ದಿನ."

ಸಿಸ್ಟರ್ ಆಗಲೇ ಡಾಕ್ಟರಿಗೆ ಫೋನು ಮಾಡಿ ಮಾತ್ರೆಯ ಹೆಸರು ಓದಿ ಹೇಳಿದರು. ಫೋನು ಇಟ್ಟು, "ಒಳ್ಳೇ ಕೆಲಸ ಮಾಡಿದ್ರಿ ಕಣಮ್ಮ. ನಾಲ್ಕು ದಿನ ಮುಂಚೆ ಹೇಳಿದ್ರೆ ಇನ್ನೂ ಒಳ್ಳೇದಿತ್ತು" ಎಂದರು.

"ಹಾಗಾದ್ರೆ ಇವಳು ಕೊಟ್ಟ ಮಾತ್ರೆಯಿಂದ್ಲೇ..." ಎಂದ ಗಂಡ.

"ಆರು ವರ್ಷ ತಗೊಂಡಿದ್ದನ್ನ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ದೀವಿ. ನಮಗೆ ಗೊತ್ತೇ ಇರಲಿಲ್ಲ. ಅದೂ ಒಂದು ಕಾರಣ ಇರಬಹುದು. ಶ್ವಾಸಕೋಶದ ಸೋಂಕು ಒಂದು ಕಾರಣ. ಉಸಿರು ಸಾಲದೆ ಇರೋದು, ನಿದ್ದೆ ಇಲ್ಲದೆ ಇರೋದು, ಎಲ್ಲಾ ಸೇರುತ್ತೆ. ಹಿಂದಿನವರು ಜ್ವರದಲ್ಲಿ ಸನ್ನಿ ಹಿಡೀತು ಅಂತಿದ್ರಲ್ಲ, ಅದೇ ಇದು. ಡಾಕ್ಟ್ರು ಡೆಲಿರಿಯಂ ಅಂತಾರೆ. ಐಸಿಯುನಲ್ಲಿ ಇದು ಅಪರೂಪ ಅಲ್ಲ."

ಅಷ್ಟರಲ್ಲಿ ದೊಡ್ಡತ್ತೆ ಫೋನು ಮುಗಿಸಿ ಬಂದಿದ್ದರು. "ಅಂದ್ರೆ ನನ್ನ ತಮ್ಮನಿಗೆ ಹುಚ್ಚು ಅಂತೀರಾ?"

"ಹುಚ್ಚಲ್ಲ ಅಮ್ಮಾ. ಮೈಗೆ ಕಾಯಿಲೆ ಜೋರಾದಾಗ ಮೆದುಳೂ ತಡವರಿಸುತ್ತೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬರುತ್ತೆ. ಬೆಳಿಗ್ಗೆ ಚೆನ್ನಾಗಿರ್ತಾರೆ, ಸಂಜೆ ಬೇರೆ ಥರ. ಇಲ್ಲದ್ದು ಕಾಣುತ್ತೆ, ಇರೋದು ತಿಳಿಯಲ್ಲ. ಕೆಲವರು ಕೂಗಾಡ್ತಾರೆ. ಕೆಲವರು ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರ್ತಾರೆ, ಅದು ಇನ್ನೂ ಮೋಸ. ಮನೆಯವರು ನಿದ್ದೆ ಅಂದ್ಕೋತಾರೆ."

ಸೊಸೆಗೆ ನಿನ್ನೆಯದೆಲ್ಲ ನೆನಪಾಯಿತು. "ಸಿಸ್ಟರ್, ನಿನ್ನೆ ಬೆಳಿಗ್ಗೆ ಮಾವ ಬಟ್ಟೆ ಚಿವುಟ್ತಾ ಇದ್ರು. ನಾವು ಹೊಲೀತಿದ್ದಾರೆ ಅಂತ ನಕ್ಕೆವು."

"ಅಯ್ಯೋ, ಆಗ್ಲೇ ನನ್ನನ್ನ ಕರೀಬಾರ್ದಿತ್ತಾ!" ಎಂದರು ಸಿಸ್ಟರ್. "ಅದು ಹೊಲಿಗೆ ಅಲ್ಲ ಕಣಮ್ಮ, ಸನ್ನಿಯ ಗುರುತು."

ದೊಡ್ಡತ್ತೆ ಒಪ್ಪಲಿಲ್ಲ. "ಏನೇ ಹೇಳಿ. ಅವನು ಸುಳ್ಳು ಹೇಳೋನಲ್ಲ."

"ನಾನೂ ಅದನ್ನೇ ಹೇಳ್ತಿರೋದು. ಅವರು ಸುಳ್ಳು ಹೇಳ್ತಿಲ್ಲ. ಅವರಿಗೆ ಹಾಗೇ ಕಾಣ್ತಿದೆ. ಬನ್ನಿ, ನಿಮ್ಮೆದುರಿಗೇ ಕೇಳ್ತೀನಿ. ಅವರಿಗೆ ಕಿವಿ ಮಂದ ಅಲ್ವಾ, ಮೊದಲು ಕಿವಿ ಮಷೀನು ಎಲ್ಲಿದೆ ಹೇಳಿ."

ಕರವಸ್ತ್ರದ ಗಂಟು ದೊಡ್ಡತ್ತೆಯ ಚೀಲದಿಂದ ಹೊರಬಂತು. ಸಿಸ್ಟರ್ ಏನೂ ಅನ್ನದೆ ಕಿವಿಗೆ ಮಷೀನು, ಕಣ್ಣಿಗೆ ಕನ್ನಡಕ ಹಾಕಿದರು. ಯಜಮಾನರ ಕೈ ಹಿಡಿದುಕೊಂಡು, "ನಾನು ಒಂದೊಂದೇ ಅಂಕಿ ಹೇಳ್ತೀನಿ. ಮೂರು ಅಂದಾಗ ಮಾತ್ರ ನನ್ನ ಕೈ ಅದುಮಿ" ಎಂದರು. ನಿಧಾನವಾಗಿ ಹತ್ತು ಅಂಕಿ ಹೇಳಿದರು. ನಾಲ್ಕು ಸಲ ಮೂರು ಬಂತು. ಯಜಮಾನರು ಒಂದು ಸಲವೂ ಅದುಮಲಿಲ್ಲ, ಏಳು ಅಂದಾಗ ಮಾತ್ರ ಗಟ್ಟಿಯಾಗಿ ಹಿಂಡಿದರು. ಕೋಟಿನ ಹದಿನೆಂಟು ಅಳತೆಗಳನ್ನು ಬರೆದುಕೊಳ್ಳದೆ ನೆನಪಿಟ್ಟುಕೊಳ್ಳುತ್ತಿದ್ದ ಮನುಷ್ಯ.

"ಯಜಮಾನರೇ, ಕಲ್ಲು ನೀರಲ್ಲಿ ತೇಲುತ್ತಾ?"

"ತೇಲುತ್ತೆ" ಎಂದರು ಅವರು. ಮೂಲೆಯ ಕಡೆ ಕಣ್ಣು ಹೊರಳಿಸಿ, "ಅಗೋ, ತೇಲ್ತಾ ಇದೆಯಲ್ಲ."

ದೊಡ್ಡತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಗ ಗೋಡೆಗೆ ಒರಗಿದ. ಹೊರಗೆ ಬಂದ ಮೇಲೆ ಅವನು ತೊದಲುತ್ತಾ ಕೇಳಿದ. "ಸಿಸ್ಟರ್, ನಾನು ಮನೆಗೆ ಕರ್ಕೊಂಡು ಹೋಗಿದ್ರೆ?"

"ಆಕ್ಸಿಜನ್ ತೆಗೆದ್ರೆ ನಿಮ್ಮ ಬೀದಿ ತಲುಪ್ತಿರಲಿಲ್ಲ" ಎಂದರು ಸಿಸ್ಟರ್, ಸಪ್ಪಗೆ.

ಅವನು ಅಲ್ಲೇ ಬೆಂಚಿನ ಮೇಲೆ ಕೂತ. ತಂದೆಯ ಮಾತಿಗೆ ಬೆಲೆ ಕೊಟ್ಟು ತಂದೆಯನ್ನೇ ಕೊಲ್ಲಲು ಹೊರಟಿದ್ದ. ಹೆಂಡತಿಯ ಕಡೆ ಕಣ್ಣೆತ್ತಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಆಮೇಲೆ ಏನು ಮಾಡಬೇಕೆಂದು ಸಿಸ್ಟರ್ ಹೇಳಿಕೊಟ್ಟರು. ಒಳಗೆ ಹೋದ ಕೂಡಲೇ ನೀವು ಯಾರು, ಇದು ಯಾವ ಜಾಗ, ಇವತ್ತು ಯಾವ ವಾರ, ಈಗ ಹಗಲೋ ಇರುಳೋ ಎಂದು ಮೆತ್ತಗೆ ಹೇಳಿ. ಗಡಿಯಾರ ಅವರ ಕಣ್ಣಿಗೆ ಬೀಳುವಲ್ಲಿ ಇಡೋಣ. ಮನೆಯ ಮಾತು, ಅಂಗಡಿಯ ಮಾತು ಆಡಿ. ಗೋಡೆ ಹಿಂದೆ ಯಾರೋ ಇದ್ದಾರೆ ಎಂದರೆ ಜಗಳಕ್ಕಿಳಿಯಬೇಡಿ, ಹೌದು ಹೌದು ಎಂದು ಗೋಣಾಡಿಸಲೂ ಬೇಡಿ.

"ಮತ್ತೆ ಏನನ್ಬೇಕು?" ಎಂದರು ದೊಡ್ಡತ್ತೆ.

"ನಿನಗೆ ಭಯ ಆಗ್ತಿದೆ ಅಂತ ಗೊತ್ತು, ನಾನು ಇಲ್ಲೇ ಇದ್ದೀನಿ, ಇಲ್ಲಿ ನಿನಗೆ ಏನೂ ಆಗಲ್ಲ ಅನ್ನಿ. ಅಷ್ಟು ಸಾಕು."

"ನಾನು ಹೋಗ್ಲಾ ಬೇಡ್ವಾ?" ಎಂದಳು ಸೊಸೆ.

"ಎರಡು ದಿನ ನಿಮ್ಮ ಗಂಡನೇ ಮುಂದೆ ಇರಲಿ. ನಿಮ್ಮನ್ನ ನೋಡಿ ಮಾವ ಹೆದರದ ದಿನ ನಾನೇ ಕರೀತೀನಿ. ಅವರಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಹತ್ತಿರ ಇದ್ದೋರ ಮೇಲೇ ಹೀಗೆ ತಿರುಗೋದು ನಾನು ಬೇಕಾದಷ್ಟು ನೋಡಿದ್ದೀನಿ."

ಡಾಕ್ಟರು ನಿದ್ದೆಯ ಮಾತ್ರೆಯ ಲೆಕ್ಕ ಸರಿಮಾಡಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು. ಸೋಂಕಿನ ಔಷಧಿ ನಡೆದೇ ಇತ್ತು. ಉಸಿರು ಸುಧಾರಿಸಿದ ಮೇಲೆ ಹಗಲು ಎತ್ತಿ ಕುರ್ಚಿಯಲ್ಲಿ ಕೂರಿಸಿದರು, ಇರುಳು ಅವರ ಹಾಸಿಗೆಯ ಮೇಲಿನ ದೀಪ ಆರಿಸಿದರು. ಒಂದು ದಿನ ನೆಟ್ಟಗೆ ಮಾತಾಡಿದರೆ ಮಾರನೆಯ ದಿನ ಮತ್ತೆ ಗೋಡೆ ನೋಡುತ್ತಿದ್ದರು. ಎಂಟನೆಯ ದಿನ ಸಿಸ್ಟರ್ ಬಂದು ಸೊಸೆಯನ್ನು ಕರೆದರು. ಅವಳು ಹೆದರಿ ಹೆದರಿ ಹೋಗಿ ನಿಂತಾಗ ಮಾವ, "ಊಟ ಮಾಡಿದೆಯೇನಮ್ಮ?" ಎಂದರು. ಅವಳು ಹೊರಗೆ ಓಡಿಬಂದು ಅತ್ತಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

ಒಂಬತ್ತನೆಯ ದಿನ ಸೊಸೆ ಅಂಗಡಿಯ ಬಾಗಿಲು ತೆಗೆದಳು. ಹತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ ಹೆಂಗಸೊಬ್ಬರು ಬಂದು ಕತ್ತರಿಸದೆ ಇಟ್ಟಿದ್ದ ಬಟ್ಟೆಯನ್ನು ವಾಪಸು ಕೇಳಿದರು. ಮುಖ ಕೊಟ್ಟು ಮಾತಾಡಲಿಲ್ಲ. ಎದುರಿನ ಇಸ್ತ್ರಿ ಅಂಗಡಿಯವಳು ಕೊನೆಗೆ ಬಾಯಿಬಿಟ್ಟಳು. "ನೀನು ನಿಮ್ಮ ಮಾವನಿಗೆ ಏನೋ ಹಾಕ್ತಿದ್ದೆಯಂತೆ. ಆಸ್ಪತ್ರೇಲಿ ಒಪ್ಕೊಂಡೆಯಂತೆ. ಪೊಲೀಸ್ರು ಬಂದಿದ್ರಂತೆ, ನಿಜಾನಾ?"

ದೊಡ್ಡತ್ತೆ ಅವತ್ತು ಮೆಟ್ಟಿಲ ಬಳಿ ಮಾತಾಡಿದ್ದು ಹತ್ತು ನಿಮಿಷ, ಮೂರೇ ಜನರ ಹತ್ತಿರ. ಆ ಮೂವರು ಎಷ್ಟು ಜನರಿಗೆ ಹೇಳಿದರೋ ದೇವರೇ ಬಲ್ಲ. ದೊಡ್ಡತ್ತೆಗೆ ವಿಷಯ ತಿಳಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮೂವರಿಗೂ ಮತ್ತೆ ಫೋನು ಮಾಡಿ, ಅದೆಲ್ಲ ಸನ್ನಿಯ ಮಾತು, ಸುಳ್ಳು ಎಂದು ಹೇಳಿದರು. ಮೂವರೂ, ಅಯ್ಯೋ ಹೌದಾ, ಒಳ್ಳೇದಾಯ್ತು ಬಿಡಿ ಎಂದರು. ಅಷ್ಟೇ. ಆ ಸುದ್ದಿಯನ್ನು ಯಾರೂ ಮುಂದೆ ಸಾಗಿಸಲಿಲ್ಲ.

ಮೂರನೇ ವಾರ ಯಜಮಾನರು ಮನೆಗೆ ಬಂದರು. ಬಂದ ಮಾರನೆಯ ದಿನ ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನಾನು ಅಲ್ಲಿ ನಿನಗೇನೋ ಅಂದೆ ಅಲ್ವಾ?"

"ಬಿಡಿ ಮಾವ. ಅದು ಕಾಯಿಲೆ ಆಡಿಸಿದ್ದು."

"ನನಗೆ ನೆನಪಿದೆಯಮ್ಮ. ನೀನು ಟೇಪು ಹಿಡ್ಕೊಂಡು ನಿಂತಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳು ಅಂತ ಗೊತ್ತು. ಆದ್ರೆ ಕಂಡಿದ್ದು ಕಂಡ ಹಾಗೇ ಇದೆ. ನನ್ನ ಕಣ್ಣೇ ನನಗೆ ಹೀಗೆ ಮಾಡುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ."

ಅವಳು ಅವರ ಕೈ ಹಿಡಿದುಕೊಂಡಳು. ಬೀದಿಯ ಸುದ್ದಿಯನ್ನು ಅವಳು ಹೇಳಲಿಲ್ಲ, ಮಗನೇ ಹೇಳಿದ. ಯಜಮಾನರು ಅವತ್ತು ಊಟ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಮಗನ ಹೆಗಲು ಹಿಡಿದು ಅಂಗಡಿಗೆ ನಡೆದು ಬಂದರು. ನಡುವೆ ನಾಲ್ಕು ಕಡೆ ಕೂತು ಸುಧಾರಿಸಿಕೊಂಡರು. ಬಾಗಿಲಲ್ಲೇ ಕುರ್ಚಿ ಹಾಕಿಸಿ ಕೂತು, ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟರು.

"ನಾನು ಆರು ವರ್ಷದಿಂದ ನಿದ್ದೆ ಮಾತ್ರೆ ನುಂಗೋನು. ನಾನೇ ಕೇಳಿ ತರಿಸ್ಕೋತಿದ್ದೆ, ನಾಚಿಕೆ ಅಂತ ಮುಚ್ಚಿಟ್ಟಿದ್ದೆ. ಆಸ್ಪತ್ರೆಯಲ್ಲಿ ನನಗೆ ಸನ್ನಿ ಹಿಡಿದಿತ್ತು. ಇವಳ ಮೇಲೆ ಇಲ್ಲದ್ದನ್ನ ಹೊರಿಸಿದೆ. ಇವಳು ಬಾಯಿ ಬಿಡದೇ ಇದ್ದಿದ್ರೆ ನಾನು ಇಲ್ಲಿ ಕೂತಿರ್ತಿರಲಿಲ್ಲ."

ಪಕ್ಕದಲ್ಲಿ ನಿಂತಿದ್ದ ದೊಡ್ಡತ್ತೆ, ಯಾರೂ ಕೇಳದಿದ್ದರೂ, "ಆ ಮಾತು ಬೀದಿಗೆ ತಂದೋಳು ನಾನು" ಎಂದು ಸೇರಿಸಿದರು. ಬಹಳ ಜನ ನಂಬಿದರು. ಬಟ್ಟೆ ವಾಪಸು ತೆಗೆದುಕೊಂಡು ಹೋದ ಆ ಹೆಂಗಸು ಮಾತ್ರ ಇವತ್ತಿಗೂ ರಸ್ತೆಯ ಆಚೆ ಬದಿಯಲ್ಲೇ ನಡೆದು ಹೋಗುತ್ತಾರೆ. ಸೊಸೆ ತಲೆಯೆತ್ತಿ ನೋಡಿ, ಮತ್ತೆ ಮಷೀನು ತುಳಿಯುತ್ತಾಳೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ನಿಮ್ಮ ಮನೆಯವರೂ ಐಸಿಯುನಲ್ಲಿ ಮಲಗಬಹುದು. ಅವರು ಯಾವ ಮಾತ್ರೆ ನುಂಗುತ್ತಾರೆ, ಕುಡಿಯುತ್ತಾರೋ ಇಲ್ಲವೋ ಎಂಬುದನ್ನು ಮೊದಲ ದಿನವೇ ಡಾಕ್ಟರಿಗೆ ಬಿಚ್ಚಿ ಹೇಳಿ. ಗುಟ್ಟಾಗಿ ನೀವೇ ಏನನ್ನೂ ಒಳಗೆ ಒಯ್ದು ಕೊಡಬೇಡಿ. ಕನ್ನಡಕ, ಕಿವಿ ಮಷೀನು ಅವರ ಬಳಿಯೇ ಇರಲಿ. ಅವರು ಇದ್ದಕ್ಕಿದ್ದಂತೆ ಬೇರೆ ಥರ ಆದರೆ, ಬಟ್ಟೆ ಚಿವುಟಿದರೆ, ಯಾರನ್ನೋ ಕಂಡು ಹೆದರಿದರೆ, ಅಥವಾ ತೀರಾ ಸುಮ್ಮನಾದರೆ, ತಡಮಾಡದೆ ನರ್ಸನ್ನು ಕರೆಯಿರಿ. ಬಹಳ ಮಂದಿಗೆ ಇದು ವಾಸಿಯಾಗುತ್ತದೆ. ಕೆಲವರಿಗೆ ಮನೆಗೆ ಬಂದ ಮೇಲೂ ಮರೆವು, ಕೆಟ್ಟ ಕನಸು ಕೆಲವು ಕಾಲ ಉಳಿಯುತ್ತವೆ. ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನೊಂದು ಮಾತು. ಆ ಹಾಸಿಗೆಯಿಂದ ನಿಮ್ಮ ಮನೆಯವರ ಮೇಲೆ ಎಂಥ ಅಪವಾದ ಕೇಳಿಬಂದರೂ ಅದನ್ನು ಮೊದಲು ನರ್ಸಿನ ಮೇಜಿಗೆ ಒಯ್ಯಿರಿ. ಕೈಯಲ್ಲಿರುವ ಫೋನನ್ನು ಅಲ್ಲಿಯವರೆಗೆ ಜೇಬಿನಲ್ಲೇ ಇಟ್ಟಿರಿ.